ಗಾಜು ತಣಿಯುವ ಹೊತ್ತು

ನ್ಯೂಯಾರ್ಕ್ ರಾಜ್ಯದ ಪುಟ್ಟ ಊರು ಕಾರ್ನಿಂಗ್. 1951ರಲ್ಲಿ ಅಲ್ಲಿ ತೆರೆದ ಗಾಜಿನ ಮ್ಯೂಸಿಯಂನಲ್ಲಿ ಸುಮಾರು 3,500 ವರ್ಷಗಳ ಗಾಜಿನ ಕೆಲಸ ಒಂದೇ ಕಡೆ ನೋಡಲು ಸಿಗುತ್ತದೆ. ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಮಧ್ಯಾಹ್ನಕ್ಕೇ ಕಣ್ಣು ಸೋಲುತ್ತದೆ. ನಾವು ಒಂದೇ ಪ್ರಶ್ನೆ ಹಿಡಿದುಕೊಂಡು ಒಳಗೆ ಹೋದೆವು: ಇದನ್ನು ತಣಿಸಿದ್ದು ಹೇಗೆ? ಕರಗಿಸುವುದಕ್ಕೆ ಬೆಂಕಿ ಸಾಕು. ಒಡೆಯದಂತೆ ತಣಿಸುವುದರಲ್ಲೇ ಗಾಜುಗಾರನ ಕೈಚಳಕವೆಲ್ಲ ಇದೆ.

ಮೊದಲು ಕುಲುಮೆಯ ಪ್ರಾತ್ಯಕ್ಷಿಕೆ ನೋಡುವುದು ಒಳ್ಳೆಯದು, ಆಮೇಲೆ ಹಳೆಯ ಪಾತ್ರೆಗಳು ತಾವಾಗಿಯೇ ಅರ್ಥವಾಗುತ್ತವೆ. ಊದುಗೊಳವೆಯ ತುದಿಯನ್ನು ಮೊದಲೇ ಕಾಯಿಸಿರುತ್ತಾರೆ, ತಣ್ಣನೆಯ ಕಬ್ಬಿಣಕ್ಕೆ ಗಾಜು ಅಂಟುವುದಿಲ್ಲ. ಕುಲುಮೆಯೊಳಗಿನ ಗಾಜು ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೇನಿನಷ್ಟು ಮಂದ. ಕೊಳವೆಯನ್ನು ಅದ್ದಿ, ತಿರುಗಿಸುತ್ತಲೇ ಒಂದು ಮುದ್ದೆ ಎತ್ತಿಕೊಳ್ಳುತ್ತಾರೆ. ತಿರುಗಿಸುವುದು ಕ್ಷಣ ನಿಂತರೂ ಮುದ್ದೆ ಒಂದು ಬದಿಗೆ ಜೋತುಬೀಳುತ್ತದೆ. ನೀರಲ್ಲಿ ನೆನೆಸಿದ ಮರದ ಅಚ್ಚಿನಲ್ಲಿ ಅದನ್ನು ಉರುಟು ಮಾಡುತ್ತಾರೆ. ಮರಕ್ಕೂ ಗಾಜಿಗೂ ನಡುವೆ ಹಬೆಯ ಪದರ ನಿಲ್ಲುವುದರಿಂದ ಮೈಗೆ ಗೀರು ಬೀಳುವುದಿಲ್ಲ. ಊದಿ, ಮತ್ತೆ ಕಾಯಿಸಿ, ಚಿಮ್ಮಟದಂಥ ದೊಡ್ಡ ಉಪಕರಣದಿಂದ ಕತ್ತು ಸಣ್ಣದು ಮಾಡುತ್ತಾರೆ.

ಎಲ್ಲಕ್ಕಿಂತ ನಾಜೂಕಿನ ಘಟ್ಟ ಇದರ ನಂತರದ್ದು. ಬಾಯಿಯ ಕಡೆ ಕೆಲಸ ಮಾಡಬೇಕಾದರೆ ಪಾತ್ರೆ ಕೊಳವೆಯಿಂದ ಬಿಡಬೇಕು. ಇನ್ನೊಂದು ಸಲಾಕೆಯ ತುದಿಗೆ ಒಂದು ತೊಟ್ಟು ಗಾಜು ಹಚ್ಚಿ ತಳಕ್ಕೆ ಅಂಟಿಸಿ, ಕತ್ತಿನ ಮೇಲೆ ನೀರಿನ ಹನಿ ಬಿಟ್ಟು ಕೊಳವೆಯನ್ನು ಮೆಲ್ಲಗೆ ತಟ್ಟುತ್ತಾರೆ. ಆ ತೊಟ್ಟು ತೀರಾ ಬಿಸಿ ಇದ್ದರೆ ಕೊನೆಗೆ ಬಿಡಿಸುವಾಗ ತಳವೇ ಕಿತ್ತುಬರುತ್ತದೆ, ಆರಿದ್ದರೆ ಪಾತ್ರೆ ನೆಲ ಸೇರುತ್ತದೆ. ಹಳೆಯ ಲೋಟಗಳ ತಳದಲ್ಲಿ ಕಾಣುವ ಒರಟು ಗಾಯದ ಗುರುತು ಇದೇ. ಪ್ರದರ್ಶನದಲ್ಲಿ ತಳ ಕಾಣುವಂತೆ ಇಟ್ಟ ಪಾತ್ರೆ ಸಿಕ್ಕರೆ ಬಿಡಬೇಡಿ.

ಮುಗಿದ ಪಾತ್ರೆ ನೇರ ತಣಿಸುವ ಗೂಡಿಗೆ ಹೋಗುತ್ತದೆ. ಅಲ್ಲಿ ಅದನ್ನು ಸುಮಾರು 500 ಡಿಗ್ರಿಯಲ್ಲಿ ಹಿಡಿದಿಟ್ಟು ನಿಧಾನ ಇಳಿಸುತ್ತಾರೆ. ಹೊರಗೆ ಇಟ್ಟರೆ ಮೈ ಮೊದಲು ಗಟ್ಟಿಯಾಗುತ್ತದೆ, ಒಳಗು ಆಮೇಲೆ ಕುಗ್ಗುತ್ತಾ ಎಳೆಯುತ್ತದೆ, ಆ ಎಳೆತ ಒಳಗೇ ಉಳಿದು ಎಂದೋ ಒಂದು ದಿನ ಪಾತ್ರೆ ಸೀಳುತ್ತದೆ. ತೆಳು ಲೋಟಕ್ಕೆ ಒಂದು ರಾತ್ರಿ ಸಾಕು. ಆದರೆ ದಪ್ಪ ಎರಡರಷ್ಟಾದರೆ ಸಮಯ ಸುಮಾರು ನಾಲ್ಕರಷ್ಟು ಬೇಕು.

ಈಜಿಪ್ಟಿನ ಪುಟ್ಟ ಸುಗಂಧದ ಕುಪ್ಪಿಗಳ ಮುಂದೆ ಇದೆಲ್ಲ ನೆನಪಿರಲಿ. ಅವು ಊದಿದವಲ್ಲ. ಊದುವ ಕಲೆ ಹುಟ್ಟಿದ್ದು ಕ್ರಿ.ಪೂ. 1ನೇ ಶತಮಾನದಲ್ಲಿ, ಮೆಡಿಟರೇನಿಯನ್ನಿನ ಪೂರ್ವ ದಂಡೆಯಲ್ಲಿ. ಅದಕ್ಕೂ ಮುಂಚೆ ಸಲಾಕೆಯ ತುದಿಗೆ ಜೇಡಿಮಣ್ಣಿನ ತಿರುಳು ಮೆತ್ತಿ, ಅದರ ಸುತ್ತ ಬಿಸಿ ಗಾಜನ್ನು ಸುತ್ತುತ್ತಿದ್ದರು. ಬಣ್ಣದ ಎಳೆ ಹಾಕಿ, ಮೊನೆಯಿಂದ ಮೇಲಕ್ಕೂ ಕೆಳಕ್ಕೂ ಎಳೆದರೆ ಅಲೆಯಂಥ ಚಿತ್ತಾರ. ತಣಿದ ಮೇಲೆ ತಿರುಳನ್ನು ಕೆರೆದು ತೆಗೆಯಬೇಕು. ಕುಪ್ಪಿಯ ಬಾಯೊಳಗೆ ಇಣುಕಿದರೆ ಒಳಮೈ ಒರಟಾಗಿ, ಮಂಕಾಗಿ ಕಾಣುವುದು ಅದರಿಂದ.

ಎಲ್ಲ ಬಿರುಕೂ ತಣಿಸಿದ್ದರ ತಪ್ಪಲ್ಲ. ಮಾಮೂಲಿ ಗಾಜಿನಲ್ಲಿ ಶೇಕಡ 70ಕ್ಕೂ ಹೆಚ್ಚು ಮರಳಿನ ಸಿಲಿಕಾ. ಅದು ಸುಮಾರು 1,700 ಡಿಗ್ರಿಯಲ್ಲಿ ಕರಗುವಂಥದ್ದು, ಸೋಡಾ ಸೇರಿಸಿದರೆ ಆ ಶಾಖ ಬಹಳ ಇಳಿಯುತ್ತದೆ. ಆದರೆ ಬರೀ ಸೋಡಾ ಇದ್ದರೆ ಗಾಜು ನೀರಿಗೆ ಕರಗುತ್ತದೆ, ಅದಕ್ಕೇ ಸುಣ್ಣ ಬೇಕು. ಸುಣ್ಣ ಕಡಿಮೆಯಾದ ಹಳೆಯ ಗಾಜು ಗಾಳಿಯ ತೇವಕ್ಕೇ ಬೆವರಿ, ಮೈತುಂಬ ಕೂದಲೆಳೆಯ ಬಿರುಕು ಬಿಡುತ್ತದೆ. 1674ರಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಪೇಟೆಂಟ್ ಪಡೆದ ಹೊಸ ಗಾಜಿಗೂ ಮೊದಲಿಗೆ ಇದೇ ರೋಗ ಬಡಿಯಿತು. ಸೀಸದ ಆಕ್ಸೈಡ್ ಹೆಚ್ಚಿಸಿದ ಮೇಲೆ ಗುಣವಾಯಿತು.

ಕೊನೆಗೆ ಆ ದೈತ್ಯ ಬಿಲ್ಲೆ. ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕದ 200 ಇಂಚಿನ, ಅಂದರೆ ಐದು ಮೀಟರಿಗೂ ಅಗಲದ ಕನ್ನಡಿಗಾಗಿ 1934ರ ಮಾರ್ಚ್‌ನಲ್ಲಿ ಇದೇ ಊರಿನಲ್ಲಿ ಮೊದಲ ಸಲ ಎರಕ ಹೊಯ್ದದ್ದು. ಬಿಸಿಗೆ ಮಾಮೂಲಿ ಗಾಜಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಹಿಗ್ಗುವ ಪೈರೆಕ್ಸ್ ಜಾತಿಯ ಗಾಜು ಅದು. ಭಾರ ಇಳಿಸಲು ಬೆನ್ನ ಕಡೆ ಜೇನುಗೂಡಿನಂತೆ ಟೊಳ್ಳು ಬಿಡಬೇಕಿತ್ತು, ಅದಕ್ಕೆಂದು ಅಚ್ಚಿನ ತಳದಲ್ಲಿ ತಿರುಳುಗಳನ್ನು ಬೋಲ್ಟ್ ಹಾಕಿ ನಿಲ್ಲಿಸಿದ್ದರು. ಶಾಖಕ್ಕೆ ಬೋಲ್ಟುಗಳು ಸೋತವು, ಕೆಲವು ತಿರುಳುಗಳು ಕಿತ್ತು ಕರಗಿದ ಗಾಜಿನ ಮೇಲೆ ತೇಲಿಬಂದವು. ಮ್ಯೂಸಿಯಂನಲ್ಲಿ ಇರುವುದು ಈ ಮೊದಲ ಬಿಲ್ಲೆ. ಇಡೀ ಕಟ್ಟಡದಲ್ಲಿ ನಾವು ಅತಿ ಹೆಚ್ಚು ಹೊತ್ತು ನಿಂತದ್ದು ಇದರ ಮುಂದೆಯೇ. ಇಷ್ಟೊಂದು ಪ್ರಾಮಾಣಿಕವಾಗಿ ಇಟ್ಟ ಸೋಲು ಅಪರೂಪ.

ಎರಡನೆಯದನ್ನು ಅದೇ ಡಿಸೆಂಬರಿನಲ್ಲಿ ಶಾಖ ತಡೆಯುವ ಬೋಲ್ಟುಗಳೊಂದಿಗೆ ಎರೆದರು. ಅದನ್ನು ತಣಿಸಲು ಹಿಡಿದದ್ದು ಸುಮಾರು ಹತ್ತು ತಿಂಗಳು. 1935ರ ಜುಲೈನಲ್ಲಿ ಊರಿನ ನದಿ ಉಕ್ಕಿ ಗೂಡಿನ ವಿದ್ಯುತ್ತೂ ಕೈಕೊಟ್ಟಿತು, ಗಾಜು ಮಾತ್ರ ಉಳಿಯಿತು. 1936ರಲ್ಲಿ ಅದನ್ನು ರೈಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು.