ಭಟ್ಟಿ ಮಾವನಿಗೆ ಬಿಸಿಲು ಬಡಿದದ್ದು

ದಾವಣಗೆರೆಯ ಬೆಣ್ಣೆದೋಸೆ ತಿನ್ನಲು ಎಲ್ಲರೂ ಬರುತ್ತಾರೆ. ಮಂಡಕ್ಕಿ ಭಟ್ಟಿಯ ಒಳಗೆ ಕಾಲಿಟ್ಟವರು ಕಡಿಮೆ. ಕೆಳಗೆ ಭತ್ತದ ಹೊಟ್ಟಿನ ಉರಿ, ಮೇಲೆ ಕಾದ ಮರಳು, ಅಕ್ಕಿ ಬಿದ್ದ ಕೂಡಲೇ ಚಟಪಟ. ತಲೆ ಮೇಲೆ ತಗಡು. ಏಪ್ರಿಲ್‌ನಲ್ಲಿ ಹೊರಗೇ 39, 40 ಡಿಗ್ರಿ ಇರುವಾಗ ಒಳಗೆ ಹೇಗಿರಬೇಡ!

ನಮ್ಮ ಸೋದರಮಾವ ಅಲ್ಲಿ ಹುರಿಯುವ ಕೆಲಸಕ್ಕೆ ಹೋಗುತ್ತಾರೆ. "ಬೆಂಕಿ ಮುಂದೆ ನಿಂತು ಬೆಳೆದ ಮೈ ಇದು, ಬಿಸಿಲು ಏನ್ ಮಾಡ್ತದಲೇ?" ಅನ್ನೋದು ಅವರ ಜಂಬ. ಆ ವರ್ಷ ಕಣ್ಣಿನ ಪೊರೆ ಆಪರೇಷನ್ ಆಗಿ ತಿಂಗಳ ಮೇಲೆ ಮನೆಯಲ್ಲೇ ಇದ್ದರು. ಡಾಕ್ಟರು ಹೂಂ ಅಂದದ್ದೇ ತಡ, ಭಟ್ಟಿಗೆ ಹೊರಟರು. ಜಾತ್ರೆಗಳ ಕಾಲ, ಆರ್ಡರ್ ಜಾಸ್ತಿ ಇತ್ತು.

ಮಧ್ಯಾಹ್ನ ಮಂಡಕ್ಕಿ ತರಲು ಹೋದಾಗ ಮಾವ ಚೀಲದ ಬಾಯಿ ಕಟ್ಟುತ್ತಿದ್ದರು. ಹುರಿ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ಗಂಟು ಬೀಳುತ್ತಿಲ್ಲ. ನನ್ನನ್ನು ನೋಡಿ, "ನಿಮ್ಮಪ್ಪ ಬರಲಿಲ್ಲೇನೋ?" ಅಂದರು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ.

"ಮಾವ, ಹುಷಾರಿದೀರಾ?"

"ನನಗೇನಾಗಿದೆ? ಸುಮ್ನೆ ಚೀಲ ಹಿಡಿ."

ಕೈ ಮುಟ್ಟಿದರೆ ಕಾದ ಹಂಚು. ಬೆವರು ಮಾತ್ರ ಸುರಿಯುತ್ತಲೇ ಇತ್ತು. ಬೆವರು ನಿಂತರೇ ಬಿಸಿಲು ಬಡಿದಂತೆ ಅಂತ ಬಹಳ ಜನ ನಂಬಿರುತ್ತಾರೆ. ಮೈಮುರಿದು ದುಡಿಯುವವರಲ್ಲಿ ಬೆವರುತ್ತಿರುವಾಗಲೇ ಮೈ ಬಿಸಿ 40 ಡಿಗ್ರಿ ದಾಟಬಹುದು. ಮೈ ಸುಡುತ್ತಿದ್ದು ಮಾತು ಹಳಿ ತಪ್ಪಿತೋ, ಅಲ್ಲಿಗೆ ತಡ ಮಾಡಬಾರದು. ಆಮೇಲೆ ಅವರು 'ನನಗೇನಾಗಿಲ್ಲ' ಅಂದರೆ ಕೇಳಲೇಬಾರದು. ಮಂಕಾದ ತಲೆಗೆ ತಾನು ಮಂಕಾಗಿದ್ದೇನೆ ಅಂತ ಗೊತ್ತಾಗೋದು ಹೇಗೆ, ಅಲ್ವಾ?

108ಕ್ಕೆ ಫೋನ್ ಮಾಡಿ, ನಾಲ್ಕು ಜನ ಸೇರಿ ಹೊರಗೆ ಬೇವಿನ ನೆರಳಿಗೆ ತಂದೆವು. ಅಂಗಿ ತೆಗೆದು ಡ್ರಮ್ಮಿನ ನೀರು ಸುರಿಯತೊಡಗಿದೆ. "ಬಿಸಿ ಮೈಗೆ ತಣ್ಣೀರು ಹಾಕಬೇಡ್ರಿ, ಜನ್ನಿ ಬರ್ತದೆ!" ಅಂತ ಒಬ್ಬರು ಕೂಗಿದರು. ಇನ್ನೊಬ್ಬರು ಈರುಳ್ಳಿ ಹುಡುಕಲು ಓಡಿದರು. ಪಾಪ, ಅವರದೂ ಕಾಳಜಿಯೇ. ನಾನು ನೀರು ನಿಲ್ಲಿಸಲಿಲ್ಲ. ಕತ್ತಿಗೆ, ಕಂಕುಳಿಗೆ ಒದ್ದೆ ಟವೆಲ್ ಇಟ್ಟು ರಟ್ಟಿನಿಂದ ಗಾಳಿ ಬೀಸಿದೆವು. ಬಾಯಿಗೆ ನೀರು ಹಾಕಲು ಬಿಡಲಿಲ್ಲ. ಎಚ್ಚರ ಸರಿಯಿಲ್ಲದವರಿಗೆ ಅದು ಶ್ವಾಸನಾಳಕ್ಕೆ ಇಳಿಯಬಹುದು.

ಆಂಬುಲೆನ್ಸ್ ಬರುವಷ್ಟರಲ್ಲಿ ಮಾವ ನನ್ನನ್ನು ಹೆಸರು ಹಿಡಿದು ಬೈದರು. ಬೈಗುಳ ಕೇಳಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಮಾವನ ಜಂಬಕ್ಕೇ ಪೆಟ್ಟು. ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು, ನಿಜ. ಆದರೆ ಕೆಲವು ವಾರ ದೂರ ಉಳಿದರೆ ಆ ಒಗ್ಗಿಕೆ ಹೊರಟುಹೋಗುತ್ತದೆ. ಎಷ್ಟು ವರ್ಷದ ಅನುಭವವಿದ್ದರೂ ವಾಪಸ್ ಬಂದವರು ಹೊಸಬರ ಹಾಗೇ. ಮೊದಲ ದಿನ ಅರ್ಧ ಕೆಲಸ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಏರಿಸಬೇಕು. ಬಾಯಾರುವ ತನಕ ಕಾಯದೆ ಕಾಲು ಗಂಟೆಗೊಮ್ಮೆ ಒಂದು ಲೋಟದಷ್ಟು ನೀರು ಕುಡಿಯಬೇಕು.

ಈಗ ಬೇಸಿಗೆಯಲ್ಲಿ ಭಟ್ಟಿಯವರು ಇಬ್ಬಿಬ್ಬರಾಗಿ ಜೋಡಿ ಮಾಡಿಕೊಂಡಿದ್ದಾರೆ, ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲು. ಮಾವನ ಜೋಡಿ ಒಬ್ಬ ಕಾಲೇಜು ಹುಡುಗ. ಆಗಾಗ "ಇವತ್ತು ಯಾವ ವಾರ, ಕಾಕಾ?" ಅಂತ ಕೇಳುತ್ತಾನಂತೆ. ಮಾವ ಒಮ್ಮೊಮ್ಮೆ ಬೇಕಂತಲೇ ತಪ್ಪು ಹೇಳಿ ಅವನನ್ನು ಓಡಾಡಿಸುತ್ತಾರೆ.