ಟಿಟಿ ಫ್ರೇಮ್: ದುಡ್ಡು ಕೊಡುವ ಮುಂಚೆ ಸೀಟ್‌ಪೋಸ್ಟ್ ಬಿಚ್ಚಿಸಿ

ಟಿಟಿ ಅಂದರೆ ಟೈಮ್ ಟ್ರಯಲ್, ಒಬ್ಬರೇ ಗಡಿಯಾರದ ಎದುರು ತುಳಿಯುವ ಸೈಕಲ್ ಸ್ಪರ್ಧೆ. ಕಡಿಮೆ ದುಡ್ಡಿಗೆ ಕಾರ್ಬನ್ ಟಿಟಿ ಫ್ರೇಮ್ ಹುಡುಕುವವರು ಮೊದಲು ಕೇಳುವುದು, ‘ಇದು ಎಷ್ಟು ಏರೋ?’, ಅಂದರೆ ಗಾಳಿಯನ್ನು ಎಷ್ಟು ಸಲೀಸಾಗಿ ಸೀಳುತ್ತದೆ ಅಂತ. ಕೊನೆಗೆ ಕೇಳಬೇಕಾದ ಪ್ರಶ್ನೆ ಅದು.

ಒಂದು ಲೆಕ್ಕ ಹಾಕೋಣ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. 30 ಡಿಗ್ರಿ ಬಿಸಿಲಲ್ಲಿ ಇಲ್ಲಿಯ ಗಾಳಿ ಘನ ಮೀಟರಿಗೆ 1.1 ಕೆ.ಜಿ. ಹತ್ತಿರ ತೂಗುತ್ತದೆ. ಗಂಟೆಗೆ 40 ಕಿ.ಮೀ. ವೇಗ. ರೋಡ್ ಸೈಕಲ್ಲಿನ ಡ್ರಾಪ್ಸ್ (ಹ್ಯಾಂಡಲ್ಲಿನ ಬಾಗಿದ ಕೆಳಭಾಗ) ಹಿಡಿದಾಗ ಸವಾರನ ಸಿಡಿಎ (ಗಾಳಿಗೆ ಒಡ್ಡಿದ ಆಕಾರ, ವಿಸ್ತೀರ್ಣ ಎರಡೂ ಸೇರಿದ ಅಳತೆ) 0.32 ಇದ್ದರೆ ಗಾಳಿಗೇ 241 ವಾಟ್ ಹೋಗುತ್ತದೆ. ಮೊಣಕೈ ಊರಿ ಬಗ್ಗಿ ಅದು 0.25ಕ್ಕೆ ಇಳಿದರೆ 189 ವಾಟ್ ಸಾಕು. ಉಳಿತಾಯ ಐವತ್ತಕ್ಕೂ ಮೇಲೆ. ಅದೇ ಒಂದು ಟಿಟಿ ಫ್ರೇಮಿಗೂ ಇನ್ನೊಂದಕ್ಕೂ 0.008 ವ್ಯತ್ಯಾಸ ಅಂತ ಧಾರಾಳವಾಗಿ ಹಿಡಿದರೂ ಸಿಗುವುದು 6 ವಾಟ್. ಅಂದರೆ ಮೈ ಸರಿಯಾಗಿ ಮಡಚಿ ಕೂರಲು ಬಿಡುವ ಹಳೇ ಫ್ರೇಮು, ಕೂರಲು ಬಿಡದ ಹೊಸ ಫ್ರೇಮಿಗಿಂತ ಜೋರಾಗಿ ಹೋಗುತ್ತದೆ.

ಹಾಗಾಗಿ ಅಳತೆ ಮೊದಲು. ಈಗಿರುವ ರೋಡ್ ಸೈಕಲನ್ನೇ ನಿಂತಲ್ಲೇ ತುಳಿಯುವ ಟ್ರೈನರ್ ಮೇಲೆ ನಿಲ್ಲಿಸಿ, ಕ್ಲಿಪ್-ಆನ್ ಏರೋಬಾರ್ (ಮೊಣಕೈ ಊರುವ ಹ್ಯಾಂಡಲ್) ಹಾಕಿ, ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ. ಇಪ್ಪತ್ತು ನಿಮಿಷ ಒಂದೇ ಸಮನೆ ತುಳಿಯಲು ಆಗುವ ಭಂಗಿ ಸಿಗುವವರೆಗೆ ಬದಲಾಯಿಸುತ್ತಾ ಹೋಗಿ. ಆಮೇಲೆ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಎರಡು ಅಳತೆ ಬರೆದುಕೊಳ್ಳಿ: ಬಾಟಮ್ ಬ್ರ್ಯಾಕೆಟ್ (ಪೆಡಲ್ ತೋಳುಗಳ ಅಚ್ಚು ಕೂರುವ ಜಾಗ) ನಡುವಿನಿಂದ ಮೊಣಕೈ ಪ್ಯಾಡಿನವರೆಗಿನ ಎತ್ತರ, ಅಲ್ಲಿಂದಲೇ ಪ್ಯಾಡಿನ ಹಿಂಬದಿ ಅಂಚಿನವರೆಗಿನ ಅಡ್ಡ ದೂರ. ಎತ್ತರ 620 ಮಿ.ಮೀ. ಬಂತು ಅನ್ನಿ. ಹೆಡ್‌ಸೆಟ್ ಮುಚ್ಚಳಕ್ಕೂ ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿಗೂ ಸೇರಿ 40, ಬೇಸ್‌ಬಾರಿನಿಂದ (ಕೆಳಗಿನ ಮುಖ್ಯ ಹ್ಯಾಂಡಲ್) ಪ್ಯಾಡಿಗೆ 55 ಕಳೆಯಿರಿ. ಉಳಿದ 525 ನಿಮ್ಮ ಫ್ರೇಮ್ ಸ್ಟ್ಯಾಕಿನ, ಅಂದರೆ ಬಾಟಮ್ ಬ್ರ್ಯಾಕೆಟ್ಟಿನಿಂದ ಹೆಡ್‌ಟ್ಯೂಬಿನ (ಫೋರ್ಕ್ ಕೂರುವ ಮುಂದಿನ ಕೊಳವೆ) ಮೇಲ್ತುದಿವರೆಗಿನ ಎತ್ತರದ, ಗರಿಷ್ಠ ಮಿತಿ. 500 ಇದ್ದರೆ ಪ್ಯಾಡಿನ ಕೆಳಗೆ ಸ್ಪೇಸರ್ ಹಾಕಿ ಏರಿಸಬಹುದು. 545 ಇದ್ದರೆ ಇಳಿಸಲು ದಾರಿಯೇ ಇಲ್ಲ. ‘ಮೀಡಿಯಂ’, ‘54’ ಅನ್ನುವ ಮಾತಿಗೆ ಟಿಟಿ ಫ್ರೇಮಿನಲ್ಲಿ ಅರ್ಥವಿಲ್ಲ, ಒಂದೊಂದು ಕಂಪನಿಗೆ ಒಂದೊಂದು ಅಳತೆ. ಮಾರುವವರು ಸ್ಟ್ಯಾಕ್, ರೀಚ್ (ಅದೇ ಎರಡು ಬಿಂದುಗಳ ಅಡ್ಡ ದೂರ) ಎರಡನ್ನೂ ಮಿಲಿಮೀಟರಿನಲ್ಲಿ ಹೇಳದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಇನ್ನು ಬಿಡಿಭಾಗ. ಟಿಟಿ ಫ್ರೇಮಿನ ಸೀಟ್‌ಪೋಸ್ಟ್ (ಸೀಟನ್ನು ಹೊರುವ ಕಂಬ) ದುಂಡಗಿರುವುದಿಲ್ಲ, ಆ ಮಾಡೆಲ್ಲಿಗಷ್ಟೇ ಕೂರುವ ಚಪ್ಪಟೆ ಆಕಾರ. ಒಳಗೆ ಅದನ್ನು ಒತ್ತಿ ಹಿಡಿಯುವ ಅಲ್ಯೂಮಿನಿಯಂ ಬೆಣೆಯೂ ಹಾಗೆಯೇ. ಮಾಡೆಲ್ ನಿಂತು ಹತ್ತು ವರ್ಷವಾಗಿದ್ದರೆ ಹೆಬ್ಬೆರಳಿನಷ್ಟಿರುವ ಈ ಬೆಣೆಗಾಗಿ ಇಡೀ ಸೈಕಲ್ ಮೂಲೆ ಸೇರುತ್ತದೆ. ಹಳೇ ಫ್ರೇಮ್ ಹಾಳಾಗುವ ಬಗೆ ಹೆಚ್ಚಾಗಿ ಒಂದೇ. ಪೋಸ್ಟಿಗೆ ಗ್ರೀಸ್ ಬಳಿದಿರುತ್ತಾರೆ, ಅದು ಜಾರುತ್ತದೆ, ಇನ್ನಷ್ಟು ಬಿಗಿಯುತ್ತಾರೆ, ಬೋಲ್ಟಿನ ತೂತಿನಿಂದ ಸೀಟ್‌ಟ್ಯೂಬ್ ಸೀಳುತ್ತದೆ. ಇನ್ನೊಂದು ಬಗೆ ಟ್ರೈನರ್ ಮೇಲೆ ಓಡಿಸಿದ ಸೈಕಲ್ಲಿನದು: ಬೆವರಿನ ಉಪ್ಪು ಇಳಿದು ಅಲ್ಯೂಮಿನಿಯಂ ಬೆಣೆ ಬೂದಿಗಟ್ಟಿ ಕಾರ್ಬನ್ನಿಗೆ ಕಚ್ಚಿಕೊಂಡಿರುತ್ತದೆ. ಆದ್ದರಿಂದ ಮಾರುವವರ ಎದುರೇ ಬೋಲ್ಟ್ ಸಡಿಲಿಸಿ ಪೋಸ್ಟನ್ನು ಪೂರ್ತಿ ಹೊರಗೆಳೆಸಿ. ಬರದಿದ್ದರೆ ನೀವು ಬನ್ನಿ.

ಪೋಸ್ಟ್ ಹೊರಬಂದಿರುವಾಗಲೇ ಟಾರ್ಚ್ ಬಿಟ್ಟು ಒಳಗೆ ನೋಡಿ. ಹೊರಗಡೆ ಒದ್ದೆ ಬಟ್ಟೆಯಿಂದ ಒರೆಸಿ, ಅನುಮಾನವಿರುವ ಗೆರೆಯ ಮೇಲೆ ಹತ್ತಿ ಉಜ್ಜಿ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಹತ್ತಿಗೇನು ಬರ! ಎಳೆ ಸಿಕ್ಕಿಕೊಂಡರೆ ಅದು ಬರೀ ಬಣ್ಣದ ಗೀರಲ್ಲ. ಮುಖ್ಯವಾಗಿ ಚೈನ್‌ಸ್ಟೇ (ಚೈನಿನ ಪಕ್ಕದ ಕೊಳವೆ), ಹೆಡ್‌ಟ್ಯೂಬಿನ ಕೆಳಭಾಗ, ಹಿಂದಿನ ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರುವ ಸಂದು). ನಾಣ್ಯದಿಂದ ಮೆಲ್ಲಗೆ ತಟ್ಟುವ ಪರೀಕ್ಷೆಯೂ ಉಂಟು, ಆದರೆ ಪದರದ ದಪ್ಪ ಬದಲಾದ ಕಡೆ ದನಿ ಹೇಗೂ ಬದಲಾಗುತ್ತದೆ. ಎಡ, ಬಲ ಅದೇ ಜಾಗ ತಟ್ಟಿ ಹೋಲಿಸಿ. ಒಂದು ಕಡೆ ‘ಟಕ್’, ಇನ್ನೊಂದು ಕಡೆ ‘ದಬ್’ ಅಂದರೆ ಬಿಟ್ಟುಬಿಡಿ.

ರಿಮ್ ಬ್ರೇಕೋ ಡಿಸ್ಕೋ? ದುಡ್ಡು ಕಡಿಮೆಯಿದ್ದರೆ ರಿಮ್. ಮಾರುಕಟ್ಟೆ ಡಿಸ್ಕಿಗೆ ಹೊರಳಿರುವುದರಿಂದ ರಿಮ್ ಬ್ರೇಕಿನ ಫ್ರೇಮು, ಚಕ್ರ ಎರಡೂ ಸೆಕೆಂಡ್ ಹ್ಯಾಂಡಲ್ಲಿ ಇಳಿದ ಬೆಲೆಗೆ ಸಿಗುತ್ತವೆ. ಆದರೆ ಹಿಂದಿನ ಬ್ರೇಕ್ ಎಲ್ಲಿದೆ ನೋಡಿ. ಬಾಟಮ್ ಬ್ರ್ಯಾಕೆಟ್ ಕೆಳಗೆ ಬಚ್ಚಿಟ್ಟಿದ್ದರೆ ನಮ್ಮ ಕಡೆಯ ಧೂಳು, ಮಳೆಗಾಲದ ಎರೆಮಣ್ಣು ಎಲ್ಲಾ ಅದರ ಬಾಯಿಗೇ. ಸೀಟ್‌ಸ್ಟೇ (ಸೀಟಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆ) ಮೇಲೆ ಮಾಮೂಲಿ ಕ್ಯಾಲಿಪರ್ ಇರುವುದೇ ವಾಸಿ, ಎರಡು ವಾಟ್ ಹೋದರೆ ಹೋಗಲಿ.

ಹಳೇ ಟಿಟಿ ಫ್ರೇಮುಗಳಲ್ಲಿ ಚಕ್ರ ಹಿಂದಕ್ಕೆ ಎಳೆದು ತೆಗೆಯುವ ಅಡ್ಡ ಡ್ರಾಪ್‌ಔಟ್ ಇರುತ್ತದೆ, ಹಳೆಯ ಸರ್ವೆಲೋ ಪಿ2ನಲ್ಲಿ ಇರುವಂಥದ್ದು. ಅವು 23 ಮಿ.ಮೀ. ಅಗಲದ ಟೈರ್ ಕಾಲದವು. ಇವತ್ತಿನ ಅಗಲ ರಿಮ್ಮಿಗೆ 25ರ ಟೈರ್ ಹಾಕಿದರೆ ಅದು 27 ಅಳೆಯುವುದುಂಟು. ಆಗ ಗಾಳಿ ಇಳಿಸದೆ ಚಕ್ರ ಕೂರುವುದೇ ಇಲ್ಲ, ಕೂತರೂ ಸಿಕ್ಕಿದ ಜಲ್ಲಿ ಚೂರು ಸೀಟ್‌ಟ್ಯೂಬನ್ನು ಉಜ್ಜುತ್ತದೆ. ಚಳ್ಳಕೆರೆ, ಹಿರಿಯೂರು ಕಡೆಯ ಜಾಲಿಮುಳ್ಳಿಗೆ ಪಂಕ್ಚರ್ ಆದಾಗ ರಸ್ತೆ ಬದಿಯಲ್ಲಿ ಈ ಕುಸ್ತಿ ಬೇಡ. ನಿಮ್ಮ ಚಕ್ರವನ್ನೇ ಒಯ್ದು ಹಾಕಿ ನೋಡಿ, ಸುತ್ತಲೂ 4 ಮಿ.ಮೀ. ಸಂದು ಇರಲಿ.

ಬಾಟಮ್ ಬ್ರ್ಯಾಕೆಟ್ ಥ್ರೆಡ್ ಇರುವ 68 ಮಿ.ಮೀ. ಬಿಎಸ್ಎ ಆದರೆ ಚಿಂತೆಯಿಲ್ಲ, ಬೇರಿಂಗ್ ಎಲ್ಲೂ ಸಿಗುತ್ತದೆ. ಒತ್ತಿ ಕೂರಿಸುವ ಬಿಬಿ86 ಆದರೆ 41 ಮಿ.ಮೀ. ತೂತನ್ನು ವರ್ನಿಯರಿನಿಂದ ನಿಲುವಿಗೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಿರಿ. ನೆಟ್ಟಗೆ ಅಳೆಯಲು ಬರದಿದ್ದರೆ ಲೇತ್ ಅಂಗಡಿಗೆ ಒಯ್ಯಿರಿ. 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಜೀವನಪೂರ್ತಿ ಕಿರ್ ಕಿರ್. ಲೇತಿನವರು ‘ಒಂಚೂರು ಬೋರ್ ಹೊಡೆದುಕೊಡ್ತೀನಿ ಸಾರ್’ ಅಂದರೆ ಮಾತ್ರ ಕೈಮುಗಿದು ವಾಪಸ್ ತನ್ನಿ.

ಚೀನಾದಿಂದ ಹೆಸರಿಲ್ಲದ ಫ್ರೇಮ್ ತರಿಸುವುದಾದರೆ ಬೆಲೆಯಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ: ಫೋರ್ಕ್, ಹೆಡ್‌ಸೆಟ್, ಪೋಸ್ಟ್, ಬೆಣೆ, ಆಕ್ಸಲ್, ಹ್ಯಾಂಗರ್ (ಹಿಂದಿನ ಗೇರ್ ತೂಗುಹಾಕುವ ತುಂಡು). ಹ್ಯಾಂಗರ್ ಎರಡು ಹೆಚ್ಚಿಗೆ, ಬೆಣೆ ಒಂದು ಹೆಚ್ಚಿಗೆ ಅದೇ ಪೆಟ್ಟಿಗೆಯಲ್ಲಿ ಹಾಕಿಸಿ. ಸೈಕಲ್ ಸುರಕ್ಷತೆಯ ಐಎಸ್ಒ 4210 ಪರೀಕ್ಷೆಯ ವರದಿ ಕೇಳಿ. ಕಸ್ಟಮ್ಸ್ ಸುಂಕ ಬೀಳುವುದು ಫ್ರೇಮಿನ ಬೆಲೆಗಷ್ಟೇ ಅಲ್ಲ, ಸಾಗಣೆ, ವಿಮೆ ಸೇರಿದ ಮೊತ್ತಕ್ಕೆ. ಅದರ ಮೇಲೆ ಜಿಎಸ್‌ಟಿ ಬೇರೆ. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದ ಸ್ಪರ್ಧೆಗೆ ಇಳಿಯುವ ಆಸೆಯಿದ್ದರೆ 2011ರ ನಂತರದ ಮಾಡೆಲ್ಲಿಗೆ ಅವರ ಒಪ್ಪಿಗೆಯ ಗುರುತು ಇರಬೇಕು. ಟ್ರಯಥ್ಲಾನಿಗೆಂದೇ ಮಾಡಿದ, ಸೀಟ್‌ಟ್ಯೂಬ್ ಇಲ್ಲದ ಫ್ರೇಮು ಅಲ್ಲಿ ನಡೆಯುವುದಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ಹೆದ್ದಾರಿ 48ರಲ್ಲಿ ದಾವಣಗೆರೆ ಕಡೆ ಮುಖ ಮಾಡಿದರೆ ಗಾಳಿ ಎಡ ಮುಂಭಾಗದಿಂದ ಹೊಡೆಯುತ್ತದೆ. ಮುಂದಿನ ಚಕ್ರದ ರಿಮ್ 50 ಮಿ.ಮೀ.ಗಿಂತ ಆಳ ಬೇಡ.

ಜೋಡಿಸುವಾಗ ಪೋಸ್ಟಿಗೆ ಗ್ರೀಸ್ ಅಲ್ಲ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್. ಫ್ರೇಮಿನ ಮೇಲೆ ಬರೆದಷ್ಟೇ ಟಾರ್ಕ್, ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್. ಪೋಸ್ಟ್ ಒಳಗೆ ಹೋಗುವ ಜಾಗಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ, 50 ಕಿ.ಮೀ. ಓಡಿಸಿ ನೋಡಿ. 2 ಮಿ.ಮೀ. ಇಳಿದಿದ್ದರೆ ಬೋಲ್ಟಿಗೆ ಕೈ ಹಾಕಬೇಡಿ. ಪೋಸ್ಟ್ ತೆಗೆದು, ಬೆಣೆ ಒರೆಸಿ, ಪೇಸ್ಟ್ ಮತ್ತೆ ಹಚ್ಚಿ.