ಫೋಟೋ ಕೊಡಲು ಹೋದ ಊರುಗಳು

ಡಿಸೆಂಬರ್ ಬಂದರೆ ನಮ್ಮಂಥ ಫೋಟೋಗ್ರಾಫರುಗಳಿಗೆ ಒಂದು ಚಟ. ವರ್ಷದಲ್ಲಿ ತೆಗೆದಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ತೆರೆದು, ಇದು ಇರಲಿ, ಇದು ಬೇಡ ಅಂತ ಆರಿಸುತ್ತ ಕೂರುವುದು. ಈ ಸಲ ಆರಿಸಿದವನ್ನು ಪ್ರಿಂಟ್ ಹಾಕಿಸಿದೆ. ಫೋಟೋದಲ್ಲಿ ಇರುವವರ ಕೈಗೇ ಕೊಟ್ಟು ಬರೋಣ ಅಂತ ಬ್ಯಾಗ್ ಹೆಗಲಿಗೇರಿಸಿದೆ.

ಮೊದಲನೆಯದು ನಮ್ಮ ಬಾಗಲಕೋಟೆಯಲ್ಲೇ ಕೊಡುವುದಿತ್ತು. ಇಲ್ಲಿಯ ಹೋಳಿ ಗೊತ್ತಲ್ಲ, ಕೋಲ್ಕತ್ತಾ ಬಿಟ್ಟರೆ ನಮ್ಮದೇ ಅಂತ ಊರವರು ಹೇಳಿಕೊಳ್ಳುತ್ತಾರೆ. ಎತ್ತಿನ ಗಾಡಿ, ಟ್ರ್ಯಾಕ್ಟರ್ ಮೇಲೆ ಬಣ್ಣದ ಬ್ಯಾರೆಲ್ ಇಟ್ಟುಕೊಂಡು ಓಣಿ ಓಣಿ ಸುತ್ತುತ್ತಾರೆ. ಕ್ಯಾಮೆರಾಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೇಕಾದಷ್ಟು ತೆಗೆದೆ. ಬಣ್ಣ ಎರಚುವ ಒಂದು ಫೋಟೋನೂ ನನಗೆ ಹಿಡಿಸಲಿಲ್ಲ. ಅಂಥವು ಎಲ್ಲರ ಫೋನಿನಲ್ಲೂ ಇರುತ್ತವೆ. ಹಿಡಿಸಿದ್ದು ರಾತ್ರಿ ಹಲಗಿ ಕಾಸುವ ಫೋಟೋ. ಚರ್ಮ ಬಿಗಿಯಾಗಲಿ ಅಂತ ಒಬ್ಬರು ಹಲಗಿಯನ್ನು ಬೆಂಕಿಯ ಹತ್ತಿರ ಹಿಡಿದಿದ್ದಾರೆ. ಕತ್ತಲಲ್ಲೂ ಫೋಟೋ ಬರಲಿ ಅಂತ ಕ್ಯಾಮೆರಾದ ಐಎಸ್‌ಒ 6400ಕ್ಕೆ ಏರಿಸಿದ್ದೆ, ಬೆಂಕಿ ಬಿಟ್ಟರೆ ಬೇರೆ ಬೆಳಕಿಲ್ಲ. ಅರ್ಧ ಮುಖ ಕತ್ತಲು, ಅರ್ಧ ಕೆಂಪು.

ಅವರು ಪ್ರಿಂಟ್ ನೋಡಿ, "ಚೊಲೋ ಬಂದೈತ್ರಿ. ಆದ್ರ ಬಾರಸೂದು ಎಲ್ಲೈತಿ? ಇದು ಬರೇ ಕಾಸೂದು ಆತಲ್ಲ" ಅಂದರು.

ಗುಳೇದಗುಡ್ಡದಲ್ಲೂ ಹೆಚ್ಚುಕಮ್ಮಿ ಇದೇ ಆಯಿತು. ಊರಿನ ಹೆಸರೇ ಹೊತ್ತ ಖಣ, ಅಂದರೆ ರವಿಕೆ ಬಟ್ಟೆ, ನೇಯುವವರ ಮನೆ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರ ಕೈ ನನ್ನ ಫೋಟೋದಲ್ಲಿತ್ತು. ಶಟರ್ ಬೇಕೆಂದೇ ನಿಧಾನ ಇಟ್ಟಿದ್ದೆ, ಲಾಳಿ ಓಡುವುದು ಒಂದು ಬಿಳಿ ಗೆರೆಯಾಗಿ ಕಾಣಲಿ ಅಂತ. ನನ್ನ ಮಟ್ಟಿಗೆ ಈ ವರ್ಷದ ಮೇಲಿನ ಸಾಲಿನ ಫೋಟೋ ಅದು. ನೇಕಾರರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಲಾಳಿ ಯಾಕ್ರಿ ಹಿಂಗ ಮಸಕಾಗೈತಿ?" ಅಂದರು. ಆಮೇಲೆ ಬೆರಳಿಟ್ಟು ಫೋಟೋದ ಮೂಲೆಯಲ್ಲಿದ್ದ ಬಟ್ಟೆ ತೋರಿಸಿದರು. "ಈ ಅಂಚು ನೋಡ್ರಿ, ಇದರ ಸಲುವಾಗೇ ಅವತ್ತ ನಾ ಮುಂಜಾನಿಂದ ಕುಂತಿದ್ದೆ." ಆ ಮೂಲೆಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಮನೆಯವರು ಮೂರು ಮೂಲೆಯಾಗಿ ಮಡಚಿಟ್ಟ ಖಣಗಳನ್ನು ತಂದು ಹರವಿದರು. ತೇರು, ಆನೆ ಹೆಜ್ಜೆ ಅಂತ ಒಂದೊಂದರ ಹೆಸರು ಹೇಳಿದರು. ಖಾಲಿ ಕೈಯಲ್ಲಿ ಎದ್ದು ಬರುವುದು ಹೇಗೆ? ಎರಡು ಕೊಂಡೆ.

ಬಾದಾಮಿಯ ಫೋಟೋದಲ್ಲಿ ಮನುಷ್ಯರೇ ಇಲ್ಲ. ಮಳೆಗಾಲದಲ್ಲಿ ಜೋರು ಮಳೆ ಸುರಿದು ನಿಂತಾಗ ಅಗಸ್ತ್ಯ ತೀರ್ಥದ ಪಕ್ಕದ ಬಂಡೆ ಮೇಲಿಂದ ಅಕ್ಕ-ತಂಗಿ ಜಲಪಾತ ಬೀಳುತ್ತದೆ. ಎರಡು ಧಾರೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಸೊರಗಿ ಹೋಗುತ್ತದೆ. ನಾನು ಮಳೆಯಲ್ಲೇ ಕೆರೆ ದಂಡೆಗೆ ಓಡಿದ್ದೆ. ಕೆರೆಯ ಪೂರ್ವಕ್ಕೆ ಭೂತನಾಥ ಗುಡಿ, ಅದು ಪಶ್ಚಿಮಕ್ಕೆ ಮುಖ ಮಾಡಿದೆ. ಮೋಡ ಸರಿದು ಸಂಜೆಯ ಬಿಸಿಲು ಗುಡಿಯ ಮೇಲೆ ಬಿದ್ದಾಗ ಧಾರೆ ಇನ್ನೂ ಇಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಕಲ್ಲಿನ ಬಣ್ಣ ಏರಿಸುವ ಕೆಲಸ ನಾನು ಮಾಡಿಲ್ಲ. ಈಗ ಎಲ್ಲಿ ನೋಡಿದರೂ ಬಾದಾಮಿ ಟೊಮ್ಯಾಟೊ ಬಣ್ಣದಲ್ಲಿರುತ್ತದೆ. ಆ ಕಲ್ಲು ಅಷ್ಟು ಕೆಂಪಿಲ್ಲ, ಹಳದಿಯೂ ಇದೆ, ನೇರಳೆಯೂ ಇದೆ. ಅದು ಗೊತ್ತಾಗಬೇಕಾದರೆ ಮೂರನೆಯ ಗುಹೆಯಲ್ಲಿ ಸುಮ್ನೆ ಕೂತು ನೋಡಬೇಕು. ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನ ಇರುವುದು ಅಲ್ಲೇ. ಗುಹೆಗಳು ಉತ್ತರಕ್ಕೆ ತೆರೆದಿವೆ, ನೇರ ಬಿಸಿಲು ಕಮ್ಮಿ. ಹೊರಗಿನ ಕಲ್ಲಿಗೆ ಬಡಿದ ಬೆಳಕು ತಿರುಗಿ ಒಳಗೆ ಬಂದಾಗ ತ್ರಿವಿಕ್ರಮನ ಎತ್ತಿದ ಕಾಲು ನಿಧಾನಕ್ಕೆ ಮೂಡುತ್ತದೆ. ಫ್ಲ್ಯಾಶ್ ಹಾಕಿದರೆ ಎಲ್ಲ ಸಪ್ಪೆ. ಅಕ್ಕ-ತಂಗಿ ಫೋಟೋವನ್ನು ನಾನು ಯಾವಾಗಲೂ ಚಹಾ ಕುಡಿಯುವ ಅಂಗಡಿಯವರು ಇಟ್ಟುಕೊಂಡರು. "ಈಗ ಬಂದವರು ನೀರು ಎಲ್ಲೈತಿ ಅಂತ ನನ್ನ ಜೋಡಿ ಜಗಳಾ ತಗೀತಾರ" ಅಂತ ನಗುತ್ತಲೇ ಗೋಡೆಗೆ ಮೊಳೆ ಹೊಡೆದರು.

ಅಲ್ಲಿಂದ ಬನಶಂಕರಿ ಸುಮಾರು 5 ಕಿಲೋಮೀಟರ್. ಬನದ ಹುಣ್ಣಿಮೆ ಜಾತ್ರೆಗೆ ಆಗಲೇ ಜಾಗ ಹಸನು ಮಾಡುತ್ತಿದ್ದರು. ಜಾತ್ರೆ ಅಂದರೆ ತೇರು, ದನ, ಮರದ ಬಾಗಿಲು ಚೌಕಟ್ಟು, ಸಾಲು ಸಾಲು ನಾಟಕ ಕಂಪನಿ. ಹೋದ ಜಾತ್ರೆಯಲ್ಲಿ ಎಷ್ಟೋ ತೆಗೆದಿದ್ದೆ. ಉಳಿದಿದ್ದು ಗಿಡದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಅಜ್ಜಿಯ ಮುಖ. ಅದೇ ಗಿಡದ ಕೆಳಗೆ ಸಿಕ್ಕರು. ಪ್ರಿಂಟ್ ದೂರ ಹಿಡಿದು ನೋಡಿದರು.

"ಯಪ್ಪಾ, ನನ್ನ ಮಾರಿ ತಗೊಂಡ ಏನ್ ಮಾಡ್ತಿ? ಬುಟ್ಟಿ ಅರ್ಧಾ ಕತ್ತರಿಸಿಯಲ್ಲೋ!"

ಪಕ್ಕದ ಬುಟ್ಟಿಯವರೆಲ್ಲ ನಕ್ಕರು. "ಈಗ ತಗೀತೀನಿ ತಡಿ ಯವ್ವಾ" ಅಂದೆ. ಅಜ್ಜಿ ರೊಟ್ಟಿ ಮೇಲೆ ರೊಟ್ಟಿ ಜೋಡಿಸಿ, ಕೆಂಪು ಚಟ್ನಿ ಡಬ್ಬಿ ಮುಚ್ಚಳ ತೆಗೆದು, ಸೆರಗು ಸರಿಮಾಡಿಕೊಂಡು ಕೂತರು. ತೆಗೆದೆ. ಮುಖದಲ್ಲಿ ಸ್ಟುಡಿಯೋ ಬಿಗುವು ಬಂದುಬಿಟ್ಟಿದೆ. ನನ್ನ ಪಟ್ಟಿಗೆ ಅದು ಸೇರುವುದಿಲ್ಲ, ಆದರೆ ಜಾತ್ರೆಗೆ ಪ್ರಿಂಟ್ ತಂದುಕೊಡಲೇಬೇಕು. ಊಟ ಆದ ಮೇಲೆ ರೊಟ್ಟಿ ಪಲ್ಯಕ್ಕೆ ದುಡ್ಡು ಬೇಡ ಅಂದರು, ಮೊಸರಿನ ದುಡ್ಡು ಮಾತ್ರ ಎಣಿಸಿ ತಗೊಂಡರು.

ಪಟ್ಟದಕಲ್ಲಿನಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಮಂಟಪದ ನಂದಿಯ ಬೆನ್ನಿಗೆ ಬೀಳುವ ಫೋಟೋ ನನ್ನದು. ಕೊಡಬೇಕಾದ್ದು ನಂದಿಗೆ. ಕೈಮುಗಿದು ಬಂದೆ.

ವಿಜಯಪುರದ ದಾರಿಯಲ್ಲಿ ಹಿನ್ನೀರಿನ ಮೀನುಗಾರರೊಬ್ಬರಿಗೆ ರಾಜಹಂಸಗಳ ಫೋಟೋ ಕೊಟ್ಟೆ. ಬೇಸಿಗೆಯಲ್ಲಿ ಆಲಮಟ್ಟಿಯ ನೀರು ಇಳಿದು ಕೆಸರು ಬಿಟ್ಟುಕೊಂಡಾಗ ಅವು ಬಂದು ಇಳಿಯುತ್ತವೆ. ಅಂಚಿನಲ್ಲಿ ಇವರ ತೆಪ್ಪ ಚುಕ್ಕಿಯಷ್ಟು ಕಾಣುತ್ತದೆ. "ಮೀನಿನ ಬಲಿ ಎಲ್ಲೈತ್ರಿ?" ಅಂತ ಬಲೆ ಹುಡುಕಿದರು. ಇಷ್ಟೊತ್ತಿಗೆ ನನಗೆ ಅಭ್ಯಾಸವಾಗಿತ್ತು. ಕೊಲ್ಹಾರದಲ್ಲಿ ಇಳಿದು ಗಡಿಗೆ ಮೊಸರು ತಿಂದೆ. ಅಲ್ಲಿ ಇಳಿಯದೆ ಹೋಗುವವರು ಯಾಕೆ ಪ್ರವಾಸ ಮಾಡುತ್ತಾರೋ!

ಗೋಲಗುಮ್ಮಟದ ಫೋಟೋ ಬ್ಯಾಗಿನಲ್ಲೇ ಉಳಿಯಿತು. ಮೂಲೆಯ ಗೋಪುರದ ಏಳು ಅಂತಸ್ತು ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತ ಶಾಲೆ ಹುಡುಗಿ. ಸುತ್ತ ಎಲ್ಲರೂ ಕೂಗುತ್ತಿದ್ದಾರೆ, ಅವಳೊಬ್ಬಳು ಕೇಳುತ್ತಿದ್ದಾಳೆ. 1656ರಲ್ಲಿ ಮುಗಿದ ಕಟ್ಟಡದಲ್ಲಿ ಎಲ್ಲರೂ ಗುಮ್ಮಟದ ಗಾತ್ರ ತೆಗೆಯುತ್ತಾರೆ. ಕೆಳಗಿನಿಂದ ನೋಡಿದರೆ ನಿಜಕ್ಕೂ ಕತ್ತು ನೋಯುವಷ್ಟು ದೊಡ್ಡದು. ಆದರೆ ಅಲ್ಲಿಯ ಸೋಜಿಗ ಇರುವುದು ಸದ್ದಿನಲ್ಲಿ. ಆ ಹುಡುಗಿ ಯಾವ ಊರಿನವಳೋ, ಪ್ರವಾಸದ ಬಸ್ಸಿನಲ್ಲಿ ಬಂದು ಹೋದವಳು.

ಹೊರಗೆ ಟಾಂಗಾ ನಿಲ್ಲಿಸಿಕೊಂಡಿದ್ದ ಚಾಚಾ ಮಾತ್ರ ಸಿಕ್ಕರು. ಅವರ ಫೋಟೋದಲ್ಲಿ ಕುದುರೆ ಪೂರ್ತಿ ಇದೆ, ಟಾಂಗಾನೂ ಇದೆ. ಈ ಸಲ ಬೈಸಿಕೊಳ್ಳುವುದಿಲ್ಲ ಅಂದುಕೊಂಡೆ. ಚಾಚಾ ತಿರುಗಿಸಿ ತಿರುಗಿಸಿ ನೋಡಿ, ಪೆನ್ನು ಇದೆಯಾ ಅಂತ ಕೇಳಿದರು.

"ಇದರ ಮ್ಯಾಲ ನನ್ನ ಮೊಬೈಲ್ ನಂಬರ್ ದಪ್ಪಗ ಬರೀರಿ. ಟಾಂಗಾಕ್ಕ ಹಚ್ತೀನಿ. ಸವಾರಿ ಸಿಗ್ತಾವ."

ಮ್ಯಾಟ್ ಪೇಪರಿನ ಪ್ರಿಂಟು, ಆಕಾಶದ ಭಾಗ ಖಾಲಿ ಇತ್ತು. ದಪ್ಪಗೆ ಬರೆದುಕೊಟ್ಟೆ.